ಮಗು ಮಾತು ಕಲಿಯುವ ದಾರಿ

ಸಂಜೆ ಏಳು ಗಂಟೆ. ಹೊರಗೆ ಜಡಿಮಳೆ. ಅಕ್ಕಂದಿರು ಒಬ್ಬೊಬ್ಬರಾಗಿ ನಮ್ಮ ಕಲಿಕಾ ಕೇಂದ್ರಕ್ಕೆ ಬಂದರು. ಕೊಡೆ ಮಡಚಿ ಮೂಲೆಗೆ ಇಟ್ಟರು. ಪುಸ್ತಕ ತೆರೆದರು. ಒಬ್ಬ ತಂಗಿಯ ಮಡಿಲಲ್ಲಿ ಗಂಡುಮಗು ಇತ್ತು. ಅದಕ್ಕೆ ಒಂದೂವರೆ ವರ್ಷ.

"ಏನಮ್ಮಾ, ನಿನ್ನ ಮಗ ಮಾತಾಡ್ತಾನಾ?" ಎಂದು ಪಕ್ಕದಲ್ಲಿದ್ದವರು ಕೇಳಿದರು.

"ಇನ್ನೂ ಇಲ್ಲ. ಅಮ್ಮ ಅಂತಲೂ ಹೇಳೋದಿಲ್ಲ."

"ಬರ್ತದೆ ಬಿಡು ಮಾರಾಯ್ತಿ. ಅವರಪ್ಪನೂ ಹಂಗೇ. ನಾಲ್ಕು ವರ್ಷಕ್ಕೆ ಬಾಯಿ ಬಿಟ್ಟಿದ್ದು" ಎಂದರು ಒಬ್ಬ ಅಜ್ಜಿ.

"ಬಜೆ ತೇಯ್ದು ನಾಲಿಗೆಗೆ ಹಚ್ಚು" ಎಂದರು ಇನ್ನೊಬ್ಬರು.

"ಶೃಂಗೇರಿ ಅಮ್ಮನವರಿಗೆ ಹರಕೆ ಹೊತ್ಕೋ" ಎಂದರು ಮತ್ತೊಬ್ಬರು.

"ಮನೇಲಿ ಮಲಯಾಳ, ಹೊರಗೆ ಕನ್ನಡ. ಅದಕ್ಕೇ ಮಗೂಗೆ ಗೊಂದಲ" ಎಂದಳು ಒಬ್ಬ ಹುಡುಗಿ.

ಆ ತಂಗಿ ನನ್ನ ಮುಖ ನೋಡಿದಳು. "ನೀವು ಹೇಳಿ ಟೀಚರೇ. ಕಾಯ್ಲಾ, ಬೇಡ್ವಾ?"

ಅಂದು ನಾವು ಪಾಠ ಬದಿಗಿಟ್ಟೆವು. ಮಗು ಹೇಗೆ ಮಾತು ಕಲಿಯುತ್ತದೆ ಎಂದು ಮಾತಾಡಿದೆವು. ಅದನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ.

ಕಿವಿಯೇ ಮೊದಲ ಗುರು

ಮಗು ಮಾತು ಕಲಿಯುವುದು ಯಾವಾಗ ಶುರುವಾಗುತ್ತದೆ? ವರ್ಷ ತುಂಬಿದ ಮೇಲೆ ಎಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ. ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಶುರುವಾಗುತ್ತದೆ. ಬಸುರಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಒಳಗಿನ ಮಗುವಿಗೆ ಸದ್ದು ಕೇಳಿಸುತ್ತದೆ. ತಾಯಿಯ ದನಿ ಎಲ್ಲಕ್ಕಿಂತ ಹೆಚ್ಚು ಕೇಳಿಸುತ್ತದೆ. ಹುಟ್ಟಿದ ಮಗು ತಾಯಿಯ ದನಿಯನ್ನು ಗುರುತಿಸುತ್ತದೆ. ಬೇರೆ ಹೆಂಗಸರ ದನಿಗಿಂತ ಅದನ್ನೇ ಇಷ್ಟಪಡುತ್ತದೆ.

ಮಗು ಮೊದಲು ಕೇಳುತ್ತದೆ. ಆಮೇಲೆ ಅರ್ಥ ಮಾಡಿಕೊಳ್ಳುತ್ತದೆ. ಕೊನೆಗೆ ಮಾತಾಡುತ್ತದೆ. ಭತ್ತ ಬಿತ್ತಿದ ದಿನವೇ ತೆನೆ ಬರುತ್ತದೆಯೆ? ಇಲ್ಲ. ಮಣ್ಣಿನ ಒಳಗೆ ಮೊದಲು ಬೇರು ಇಳಿಯಬೇಕು. ಹಾಗೆಯೇ ಮಗು ಒಂದು ಮಾತು ಆಡುವ ಮೊದಲು ಸಾವಿರ ಸಲ ಆ ಮಾತನ್ನು ಕೇಳಿರಬೇಕು.

1984ರಲ್ಲಿ ಕೆನಡಾ ದೇಶದ ಇಬ್ಬರು ವಿಜ್ಞಾನಿಗಳು ಒಂದು ವಿಷಯ ಕಂಡುಹಿಡಿದರು. ಅವರ ಹೆಸರು ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್. ನಮಗೆ 'ತ' ಬೇರೆ, 'ಟ' ಬೇರೆ. ಹಿಂದಿಯಲ್ಲೂ ಹಾಗೆಯೇ. ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ಈ ಎರಡರ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಇಂಗ್ಲಿಷ್ ಮನೆಯ ಆರೇಳು ತಿಂಗಳ ಕೂಸುಗಳಿಗೆ ತಿಳಿಯಿತು! ವರ್ಷದ ಹತ್ತಿರ ಬಂದಾಗ ಅವಕ್ಕೂ ತಿಳಿಯದೆ ಹೋಯಿತು. ಇದರ ಅರ್ಥವೇನು? ಹುಟ್ಟಿದ ಮಗು ಯಾವ ಭಾಷೆಗೂ ಸಿದ್ಧವಾಗಿರುತ್ತದೆ. ಮೊದಲ ವರ್ಷದಲ್ಲೇ ಅದರ ಕಿವಿ ಮನೆಯ ಭಾಷೆಗೆ ಹೊಂದಿಕೊಳ್ಳುತ್ತದೆ.

ಅದಕ್ಕೇ ಮೊದಲ ವರ್ಷ ಬಹಳ ಮುಖ್ಯ. ಮಗು ಸುಮ್ಮನೆ ಮಲಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಪಾಠ ಕಲಿಯುತ್ತಿರುತ್ತದೆ.

ಯಾವ ತಿಂಗಳಿಗೆ ಏನು?

ಎಲ್ಲಾ ಮಕ್ಕಳೂ ಒಂದೇ ದಿನ ಮಾತಾಡುವುದಿಲ್ಲ. ಒಂದೇ ತೋಟದ ಅಡಿಕೆಯೂ ಒಂದೇ ದಿನ ಹಣ್ಣಾಗುವುದಿಲ್ಲ. ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಆದರೂ ಒಂದು ಲೆಕ್ಕ ಇದೆ. ಅದು ಹೀಗಿದೆ.

ಹುಟ್ಟಿದಾಗಿನಿಂದ 3 ತಿಂಗಳು: ಪಾತ್ರೆ ಬಿದ್ದರೆ ಮಗು ಬೆಚ್ಚಿಬೀಳುತ್ತದೆ. ಅಳುವ ಮಗು ತಾಯಿಯ ದನಿ ಕೇಳಿ ಸುಮ್ಮನಾಗುತ್ತದೆ. ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗುತ್ತದೆ. "ಆ", "ಊ" ಎಂದು ರಾಗ ತೆಗೆಯುತ್ತದೆ.

4ರಿಂದ 6 ತಿಂಗಳು: ಗಟ್ಟಿಯಾಗಿ ನಗುತ್ತದೆ. ಸದ್ದು ಬಂದ ಕಡೆ ತಲೆ ತಿರುಗಿಸುತ್ತದೆ. ನೀವು ಮಾತಾಡಿದರೆ ಅದೂ ಉತ್ತರ ಕೊಡುವಂತೆ ದನಿ ಮಾಡುತ್ತದೆ.

7ರಿಂದ 9 ತಿಂಗಳು: "ಬಬಬ", "ಮಮಮ", "ದದದ" ಎನ್ನುತ್ತದೆ. ಇದಕ್ಕೆ ಅರ್ಥ ಇಲ್ಲ. ಇದು ಬಾಯಿಯ ಅಭ್ಯಾಸ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ.

10ರಿಂದ 12 ತಿಂಗಳು: ಟಾಟಾ ಮಾಡುತ್ತದೆ. ಚಪ್ಪಾಳೆ ತಟ್ಟುತ್ತದೆ. ಬೇಕಾದ ವಸ್ತುವಿಗೆ ಕೈ ತೋರಿಸುತ್ತದೆ. "ಬೇಡ" ಎಂದರೆ ಅರ್ಥವಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಮೊದಲ ಮಾತು ಬರುತ್ತದೆ. ಅಮ್ಮ, ಅಪ್ಪ, ಅಂಬಾ, ಕಾಕಾ - ಯಾವುದಾದರೂ ಒಂದು.

ಒಂದೂವರೆ ವರ್ಷ: ಹಲವು ಮಾತುಗಳು ಬರುತ್ತವೆ. "ಚೆಂಡು ತಾ" ಎಂದರೆ ತರುತ್ತದೆ. "ಮೂಗು ಎಲ್ಲಿ?" ಎಂದರೆ ತೋರಿಸುತ್ತದೆ.

2 ವರ್ಷ: ಸುಮಾರು ಐವತ್ತು ಮಾತು ಬರುತ್ತವೆ. ಎರಡು ಮಾತು ಜೋಡಿಸುತ್ತದೆ. "ಅಮ್ಮ ಬಾ", "ಹಾಲು ಬೇಕು", "ಬೆಕ್ಕು ಹೋಯ್ತು" ಎನ್ನುತ್ತದೆ.

3 ವರ್ಷ: ಮೂರು ನಾಲ್ಕು ಮಾತು ಸೇರಿಸಿ ಹೇಳುತ್ತದೆ. "ಅದೇನು? ಯಾಕೆ? ಎಲ್ಲಿ?" ಎಂದು ಕೇಳಿ ಕೇಳಿ ತಲೆ ತಿನ್ನುತ್ತದೆ. ತಿನ್ನಲಿ ಬಿಡಿ. ಅದು ಬುದ್ಧಿ ಬೆಳೆಯುವ ಗುರುತು. ಮನೆಯವರಲ್ಲದವರಿಗೂ ಅದರ ಮಾತು ಬಹುಪಾಲು ತಿಳಿಯುತ್ತದೆ.

4ರಿಂದ 5 ವರ್ಷ: ಅಂಗನವಾಡಿಯಲ್ಲಿ ಏನಾಯಿತು ಎಂದು ಬಂದು ಹೇಳುತ್ತದೆ. ಸಣ್ಣ ಕತೆ ಹೇಳುತ್ತದೆ. ಎಲ್ಲರಿಗೂ ತಿಳಿಯುವಂತೆ ಮಾತಾಡುತ್ತದೆ.

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಒಂದು ಮಗು ಹುಟ್ಟಿತು. ಆ ಮಗುವೇ ಮುಂದೆ ಕುವೆಂಪು ಆದರು. ಅಷ್ಟು ದೊಡ್ಡ ಕವಿಯೂ ಮೊದಲು ಅತ್ತವರೇ. ಆಮೇಲೆ "ಆ", "ಊ" ಎಂದವರೇ. ಯಾರಿಗೂ ಬೇರೆ ದಾರಿ ಇಲ್ಲ.

ಮೊದಲು ಬರುವ ಅಕ್ಷರ

ನೀವು ಅಕ್ಷರ ಕಲಿಯುವಾಗ ಪ, ಫ, ಬ, ಭ, ಮ ಕಲಿತಿದ್ದೀರಿ. ಈಗ ಒಮ್ಮೆ ಹೇಳಿ ನೋಡಿ. ಎರಡು ತುಟಿಯೂ ಸೇರುತ್ತವೆ ಅಲ್ಲವೆ? ಮಗುವಿಗೆ ಇದು ಸುಲಭ. ಹಾಲು ಕುಡಿಯುವ ತುಟಿ ಅದು. ಅದಕ್ಕೇ ಅಮ್ಮ, ಅಪ್ಪ, ಪಾಪ ಮೊದಲು ಬರುತ್ತವೆ.

'ರ', 'ಳ', 'ಷ' ಹೇಳಲು ನಾಲಿಗೆ ಕಸರತ್ತು ಮಾಡಬೇಕು. ಅವು ತಡವಾಗಿ ಬರುತ್ತವೆ. ಎರಡು ಮೂರು ವರ್ಷದ ಮಗು ರೊಟ್ಟಿಗೆ "ಲೊಟ್ಟಿ" ಎನ್ನಬಹುದು. ಸಕ್ಕರೆಗೆ "ತಕ್ಕಲೆ" ಎನ್ನಬಹುದು. ಹೆದರಬೇಡಿ. ಗೇಲಿಯನ್ನೂ ಮಾಡಬೇಡಿ. "ಹೌದು ಕಂದ, ರೊಟ್ಟಿ ಬೇಕಾ?" ಎಂದು ಸರಿಯಾದ ಮಾತನ್ನು ನೀವು ಹೇಳಿ. ಅಷ್ಟು ಸಾಕು.

ಕೆಲವು ಮಕ್ಕಳು "ನಾನು ಬೀಳಿದೆ" ಎನ್ನುತ್ತವೆ. "ಬಿದ್ದೆ" ಎನ್ನುವುದಿಲ್ಲ. ನಾವು ನಗುತ್ತೇವೆ. ಆದರೆ ಯೋಚನೆ ಮಾಡಿ. "ಬೀಳಿದೆ" ಎಂದು ಅದಕ್ಕೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಮಾಡಿದೆ, ಹೇಳಿದೆ, ಓಡಿದೆ ಎಂಬುದನ್ನು ಕೇಳಿ ಮಗು ತಾನೇ ಒಂದು ನಿಯಮ ಮಾಡಿಕೊಂಡಿದೆ. ಅದು ತಪ್ಪಲ್ಲ, ಜಾಣತನ.

ಮನೆಯಲ್ಲಿ ಎರಡು ಭಾಷೆ ಇದ್ದರೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಎಷ್ಟೊಂದು ಭಾಷೆ! ಕನ್ನಡದ ಜೊತೆ ತುಳು ಇದೆ. ಕೊಂಕಣಿ ಇದೆ. ಬ್ಯಾರಿ, ಉರ್ದು ಇದೆ. ನರಸಿಂಹರಾಜಪುರದ ಕಡೆ ಮಲಯಾಳ ಮಾತಾಡುವ ಮನೆಗಳು ಬಹಳ ಇವೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ತಮಿಳು ಕೇಳಿಸುತ್ತದೆ.

ಒಂದು ಮಗು ಮನೆಯಲ್ಲಿ 'ವೆಳ್ಳಂ' ಎನ್ನುತ್ತದೆ. ಅಂಗನವಾಡಿಯಲ್ಲಿ 'ನೀರು' ಎನ್ನುತ್ತದೆ. ಇದರಿಂದ ಮಗುವಿಗೆ ತೊಂದರೆ ಇಲ್ಲ. ಮಕ್ಕಳು ಎರಡು ಮೂರು ಭಾಷೆಯನ್ನು ಒಟ್ಟಿಗೆ ಕಲಿಯುತ್ತಾರೆ. ಮೊದಮೊದಲು ಬೆರೆಸಿ ಮಾತಾಡುತ್ತಾರೆ. ಆಮೇಲೆ ಯಾರ ಹತ್ತಿರ ಯಾವ ಭಾಷೆ ಎಂದು ತಾವೇ ತಿಳಿಯುತ್ತಾರೆ. ಲೆಕ್ಕ ಮಾಡುವಾಗ ಎರಡು ಭಾಷೆಯ ಮಾತನ್ನೂ ಕೂಡಿಸಿ ಲೆಕ್ಕ ಮಾಡಿ.

ಆದ್ದರಿಂದ ಮನೆಯ ಭಾಷೆ ಬಿಡಬೇಡಿ. ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ. ಅರೆಬರೆ ಇಂಗ್ಲಿಷ್ ಬೇಡ. ಇನ್ನೊಂದು ವಿಷಯ ನೆನಪಿಡಿ. ಮಗು ಯಾವ ಭಾಷೆಯಲ್ಲೂ ಮಾತಾಡದಿದ್ದರೆ ಅದಕ್ಕೆ ಎರಡು ಭಾಷೆ ಕಾರಣ ಅಲ್ಲ. ಬೇರೆ ಕಾರಣ ಹುಡುಕಬೇಕು.

ಕೊನೆಯ ಸಾಲಿನ ಹುಡುಗ

ಇದು ನಾನು ಕಂಡ ಸಂಗತಿ. ಹೇಳಲು ನನಗೇ ನಾಚಿಕೆ. ಆದರೂ ಹೇಳುತ್ತೇನೆ.

ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಗೆ ಆರು ವರ್ಷದ ಹುಡುಗ ಸೇರಿದ. ಮಾತು ಬಹಳ ಕಡಿಮೆ. ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಕರೆದರೆ ಏಳುತ್ತಿರಲಿಲ್ಲ. "ಮೊದ್ದು" ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ತಿಳಿದೆ. ಒಂದು ದಿನ ಜೋರಾಗಿ ಬೈದೆ. ಅವನು ನನ್ನ ಬಾಯಿಯನ್ನೇ ನೋಡುತ್ತಾ ನಿಂತ.

ಆಗ ನನಗೆ ಸಂಶಯ ಬಂತು. ಅವನ ಹಿಂದೆ ಹೋಗಿ ಹೆಸರು ಕರೆದೆ. ತಿರುಗಲಿಲ್ಲ. ಎದುರಿಗೆ ಬಂದು ಕರೆದೆ. ನಕ್ಕ. ತಾಯಿಗೆ ಹೇಳಿ ಕಳಿಸಿದೆ. ಕಿವಿಯ ಪರೀಕ್ಷೆ ಆಯಿತು. ಅವನಿಗೆ ಎರಡೂ ಕಿವಿ ಬಹಳ ಕಡಿಮೆ ಕೇಳುತ್ತಿತ್ತು. ಹುಟ್ಟಿನಿಂದಲೇ ಹಾಗೆ ಇರಬಹುದು ಎಂದರು.

ತಾಯಿ ಅತ್ತಳು. "ಮೂರು ತಿಂಗಳಲ್ಲಿ ಆ, ಊ ಅಂತಿದ್ದ ಟೀಚರೇ. ಬಾಗಿಲು ಬಡಿದ್ರೆ ತಿರುಗ್ತಿದ್ದ. ಕಿವುಡು ಅಂತ ಹೆಂಗೆ ಗೊತ್ತಾಗಬೇಕು?" ಎಂದಳು.

ಅವಳ ತಪ್ಪಲ್ಲ. ಕಿವಿ ಕೇಳದ ಮಗುವೂ ಮೊದಮೊದಲು "ಆ", "ಊ" ಎನ್ನುತ್ತದೆ. ಆಮೇಲೆ ಆ ದನಿ ಮುಂದೆ ಬೆಳೆಯುವುದಿಲ್ಲ. ಬಾಗಿಲು ಬಡಿದರೆ ನೆಲ ಅದುರುತ್ತದೆ. ಆ ಅದುರಿಗೂ ಮಗು ತಿರುಗುತ್ತದೆ. ಹೀಗೆ ಮನೆಯವರು ಮೋಸಹೋಗುತ್ತಾರೆ.

ಹುಡುಗನಿಗೆ ಕಿವಿಗೆ ಹಾಕುವ ಯಂತ್ರ ಬಂತು. ಮಾತಿನ ತರಬೇತಿ ಆಯಿತು. ಸ್ವಲ್ಪ ಕಲಿತ. ಆದರೆ ಬಹಳ ಕಷ್ಟಪಟ್ಟ. ಆರು ವರ್ಷ ಕಳೆದುಹೋಗಿತ್ತು. ಆ ತಾಯಿ ಹೇಳಿದ ಒಂದು ಮಾತು ನನಗೆ ಮರೆತಿಲ್ಲ. "ತಾಯಿ ಕಾರ್ಡಿನಲ್ಲಿ ಎಲ್ಲಾ ಬರೆದಿತ್ತಂತೆ. ಓದೋಕೆ ಬರ್ತಿರಲಿಲ್ಲ."

ಅವಳಿಗೆ ಆಮೇಲೆ ಹೆಣ್ಣುಮಗು ಹುಟ್ಟಿತು. ಆ ಮಗುವಿನ ಕಿವಿಯನ್ನು ಮೊದಲ ತಿಂಗಳಲ್ಲೇ ಪರೀಕ್ಷೆ ಮಾಡಿಸಿದಳು.

ಯಾವಾಗ ತಡ ಮಾಡಬಾರದು?

ಮಾತು ಬಾರದಿದ್ದರೆ ಎಲ್ಲರೂ ನಾಲಿಗೆ ನೋಡುತ್ತಾರೆ. ಮೊದಲು ನೋಡಬೇಕಾದ್ದು ಕಿವಿ. ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ.

3 ತಿಂಗಳಾದರೂ ದೊಡ್ಡ ಸದ್ದಿಗೆ ಬೆಚ್ಚದಿದ್ದರೆ.
6 ತಿಂಗಳಾದರೂ ಸದ್ದಿನ ಕಡೆ ತಿರುಗದಿದ್ದರೆ.
10 ತಿಂಗಳಾದರೂ "ಬಬಬ", "ಮಮಮ" ಎನ್ನದಿದ್ದರೆ.
ವರ್ಷವಾದರೂ ಟಾಟಾ ಮಾಡದಿದ್ದರೆ, ಕೈ ತೋರಿಸದಿದ್ದರೆ.
ಒಂದೂವರೆ ವರ್ಷವಾದರೂ ಒಂದು ಮಾತೂ ಬಾರದಿದ್ದರೆ.
2 ವರ್ಷವಾದರೂ ಎರಡು ಮಾತು ಜೋಡಿಸದಿದ್ದರೆ.
ಬಂದ ಮಾತು ನಿಂತುಹೋದರೆ. ಮಗು ಮುಖ ನೋಡದೆ ತನ್ನಷ್ಟಕ್ಕೆ ಇದ್ದರೆ.

ಕಿವಿ ಚೆನ್ನಾಗಿದ್ದೂ ಕೆಲವು ಮಕ್ಕಳಿಗೆ ಮಾತು ತಡವಾಗುತ್ತದೆ. ಬುದ್ಧಿಯ ಬೆಳವಣಿಗೆ ನಿಧಾನ ಇರಬಹುದು. ಆಟಿಸಂ ಎಂಬ ತೊಂದರೆ ಇರಬಹುದು. ಇದು ಯಾರ ಶಾಪವೂ ಅಲ್ಲ. ತಾಯಿಯ ಪಾಪವೂ ಅಲ್ಲ. ಬೇಗ ತರಬೇತಿ ಕೊಟ್ಟರೆ ಅಂಥ ಮಕ್ಕಳೂ ಎಷ್ಟೋ ಕಲಿಯುತ್ತಾರೆ.

"ಗಂಡುಮಕ್ಕಳು ನಿಧಾನ" ಎಂಬ ಮಾತಿದೆ. ಗಂಡು ಹೆಣ್ಣಿನ ನಡುವೆ ವ್ಯತ್ಯಾಸ ಬಹಳ ಸಣ್ಣದು. ಅದನ್ನು ನಂಬಿ ಎರಡು ಮೂರು ವರ್ಷ ಕಾಯಬಾರದು.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಟೀಚರಿಗೆ ಹೇಳಿ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಇದರಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಇದು ಉಚಿತ. ಕಿವಿ ಕೇಳದಿರುವುದು, ಮಾತು ತಡವಾಗುವುದು ಇದರಲ್ಲಿ ಸೇರಿವೆ. ತಂಡ ಬರುವ ದಿನ ಕೇಳಿ ತಿಳಿದುಕೊಳ್ಳಿ. ಆ ದಿನ ತಪ್ಪಿಸಬೇಡಿ. ಬರುವುದು ತಡ ಎಂದು ಗೊತ್ತಾದರೆ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೇಳಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಇದು. ಕಿವಿ ಮತ್ತು ಮಾತಿನ ತೊಂದರೆಗೆಂದೇ ಇದೆ. ದೇಶದ ಎಲ್ಲಾ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಅದೃಷ್ಟ.

ಕೂಸಿನ ಕಿವಿಯ ಪರೀಕ್ಷೆ ಹೇಗಿರುತ್ತದೆ? ಮಗು ಮಲಗಿರುವಾಗಲೇ ಮಾಡುತ್ತಾರೆ. ಕಿವಿಗೆ ಒಂದು ಸಣ್ಣ ಸಾಧನ ಇಡುತ್ತಾರೆ. ಅದು ಮೆಲ್ಲಗೆ ಸದ್ದು ಮಾಡುತ್ತದೆ. ಕಿವಿಯ ಉತ್ತರವನ್ನು ಯಂತ್ರ ಹೇಳುತ್ತದೆ. ಸೂಜಿ ಇಲ್ಲ. ನೋವಿಲ್ಲ. ಕೆಲವೇ ನಿಮಿಷದ ಕೆಲಸ.

ವೈದ್ಯರು ಮೂರು ಅಂಕಿ ಹೇಳುತ್ತಾರೆ: 1, 3, 6. ಅಂದರೆ 1 ತಿಂಗಳೊಳಗೆ ಮೊದಲ ಪರೀಕ್ಷೆ. ಸಂಶಯ ಇದ್ದರೆ 3 ತಿಂಗಳೊಳಗೆ ಖಚಿತ ಪರೀಕ್ಷೆ. 6 ತಿಂಗಳೊಳಗೆ ಯಂತ್ರ ಮತ್ತು ತರಬೇತಿ. ಹೀಗೆ ಮಾಡಿದರೆ ಕಿವಿ ಕೇಳದ ಎಷ್ಟೋ ಮಕ್ಕಳು ಉಳಿದ ಮಕ್ಕಳ ಜೊತೆ ಶಾಲೆಯಲ್ಲಿ ಕಲಿಯಬಹುದು. ಯಂತ್ರದಿಂದ ಉಪಯೋಗವಾಗದಿದ್ದರೆ ಕೈಸನ್ನೆಯ ಭಾಷೆ ಇದೆ. ಅದೂ ಪೂರ್ತಿ ಭಾಷೆಯೇ. ಮಗುವಿಗೆ ಯಾವುದಾದರೂ ಒಂದು ಭಾಷೆ ಬೇಕೇ ಬೇಕು.

ಕಿವಿ ಕಾಪಾಡಿ

ಬಸುರಿಗೆ ರುಬೆಲ್ಲಾ ಎಂಬ ಜ್ವರ ಬಂದರೆ ಹುಟ್ಟುವ ಮಗು ಕಿವುಡಾಗಬಹುದು. ಇದನ್ನು ತಡೆಯಲು ದಡಾರ-ರುಬೆಲ್ಲಾ ಲಸಿಕೆ ಇದೆ. ಮಗುವಿಗೆ 9 ತಿಂಗಳು ತುಂಬಿದಾಗ ಒಂದು ಸಲ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಸಲ ಹಾಕಿಸಿ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಹುಟ್ಟುಕಿವುಡಿನ ಸಂಭವ ಹೆಚ್ಚು. ಹುಟ್ಟಿದ ಮಗುವಿಗೆ ಕಾಮಾಲೆ ಬಹಳ ಹೆಚ್ಚಾದರೂ ಕಿವಿ ಕೆಡಬಹುದು. ಕೂಸಿನ ಮೈ ಹಳದಿಯಾದರೆ ಬೇಗ ತೋರಿಸಿ.

ನಮ್ಮದು ಮಳೆ ಸೀಮೆ. ಮಕ್ಕಳಿಗೆ ನೆಗಡಿ ತಪ್ಪದು. ನೆಗಡಿಯಿಂದ ಕಿವಿ ಸೋರುತ್ತದೆ. ಸೋರುವ ಕಿವಿಗೆ ಬಿಸಿ ಎಣ್ಣೆ, ಸೊಪ್ಪಿನ ರಸ ಬಿಡಬೇಡಿ. ಕಡ್ಡಿ ಹಾಕಬೇಡಿ. ವೈದ್ಯರಿಗೆ ತೋರಿಸಿ.

ಬಜೆಯ ವಿಷಯ ಕೇಳಿದಿರಿ. ಬಜೆಯಿಂದ ಮಾತು ಬರುವುದಿಲ್ಲ. ಕೂಸಿಗೆ ಅದು ವಾಂತಿ ತರಬಹುದು. ಜೇನೂ ಬೇಡ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು. ಹರಕೆಯ ವಿಷಯ? ಶಾರದಾಂಬೆ ವಿದ್ಯೆಯ ತಾಯಿ. ಅಕ್ಷರಾಭ್ಯಾಸಕ್ಕೆ ದೂರದ ಊರಿಂದಲೂ ಮಕ್ಕಳನ್ನು ಅವಳ ಹತ್ತಿರ ತರುತ್ತಾರೆ. ಹರಕೆ ಹೊರಿ, ಬೇಡ ಎನ್ನುವುದಿಲ್ಲ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ದುಡ್ಡಿಲ್ಲದ ಮದ್ದು

"ನಮಗೆ ಪುರುಸೊತ್ತು ಎಲ್ಲಿ ಟೀಚರೇ?" ಎಂದು ನೀವು ಕೇಳುತ್ತೀರಿ. ಬೇರೆ ಪುರುಸೊತ್ತು ಬೇಡ. ಮೀಯಿಸುವಾಗ ಹೇಳಿ: "ಕೈ ತೊಳೆಯೋಣ, ಕಾಲು ತೊಳೆಯೋಣ." ಉಣ್ಣಿಸುವಾಗ ಹೇಳಿ: "ಅನ್ನ ಬಿಸಿ, ಊದೋಣ." ಅಡಿಕೆ ಸುಲಿಯುವಾಗ ಮಗುವನ್ನು ಎದುರಿಗೆ ಕೂರಿಸಿಕೊಳ್ಳಿ. "ಒಂದು, ಎರಡು" ಎಂದು ಎಣಿಸಿ. ಲಾಲಿ ಹಾಡಿ. ಮಗು "ಊ" ಎಂದರೆ ನೀವೂ "ಊ" ಎನ್ನಿ. ಆಮೇಲೆ ಸ್ವಲ್ಪ ಸುಮ್ಮನಿರಿ. ಅದರ ಸರದಿ ಬರಲಿ. ಅಪ್ಪ, ಅಜ್ಜ, ಅಜ್ಜಿ ಎಲ್ಲರೂ ಮಾತಾಡಲಿ.

ಅಳು ನಿಲ್ಲಿಸಲು ಮೊಬೈಲು ಕೊಡಬೇಡಿ. ಮೊಬೈಲು ಹಾಡುತ್ತದೆ. ಆದರೆ ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಮಕ್ಕಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು.

ಆ ತಂಗಿ ಏನು ಮಾಡಿದಳು?

ಮಾರನೆಯ ವಾರವೇ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಗುವಿನ ಕಿವಿಯ ಒಳಗೆ ಪರದೆಯ ಹಿಂದೆ ನೀರು ನಿಂತಿತ್ತು. ನೆಗಡಿ ಮತ್ತೆ ಮತ್ತೆ ಬಂದು ಹಾಗಾಗಿತ್ತು. ಮಗುವಿಗೆ ಎಲ್ಲವೂ ಮಂದವಾಗಿ ಕೇಳುತ್ತಿತ್ತು. ವೈದ್ಯರು ಹೇಳಿದಂತೆ ನಡೆದುಕೊಂಡಳು. ಕರೆದಾಗಲೆಲ್ಲ ಹೋಗಿ ತೋರಿಸಿದಳು.

ಕೆಲವು ತಿಂಗಳು ಕಳೆದವು. ಒಂದು ಸಂಜೆ ಅವಳು ಓಡಿಬಂದಳು. "ಅಮ್ಮ ಅಂದ ಟೀಚರೇ!" ಎಂದಳು.

"ಕನ್ನಡದಲ್ಲೋ, ಮಲಯಾಳದಲ್ಲೋ?" ಎಂದು ಅಜ್ಜಿ ಕೇಳಿದರು.

ಎಲ್ಲರೂ ನಕ್ಕೆವು. ಎರಡರಲ್ಲೂ ಅಮ್ಮ ಎಂದರೆ ಅಮ್ಮನೇ.

ಅಕ್ಕಂದಿರೆ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ತಾಯಿ ಕಾರ್ಡ್ ಇದೆ. ಅದರಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂದು ಚಿತ್ರದ ಜೊತೆ ಬರೆದಿದೆ. ಇಷ್ಟು ದಿನ ಬೇರೆಯವರು ಓದಿ ಹೇಳಬೇಕಿತ್ತು. ಈಗ ನಿಮಗೇ ಓದಲು ಬರುತ್ತದೆ. ಇಂದು ರಾತ್ರಿಯೇ ತೆಗೆದು ಓದಿ.

ನೆನಪಿಡಿ

ಮಗು ಮೊದಲು ಕೇಳುತ್ತದೆ, ಆಮೇಲೆ ಮಾತಾಡುತ್ತದೆ.
ಹುಟ್ಟಿದ ದಿನದಿಂದಲೇ ಮಗುವಿನ ಜೊತೆ ಮಾತಾಡಿ.
ಮಾತು ತಡವಾದರೆ ಮೊದಲು ಕಿವಿ ತೋರಿಸಿ.
ಎರಡು ಭಾಷೆಯಿಂದ ತೊಂದರೆ ಇಲ್ಲ. ತಡ ಮಾಡಿದರೆ ತೊಂದರೆ.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಮಗುವಿಗೆ ಎಷ್ಟು ತಿಂಗಳು? ಅದು ಏನೇನು ಮಾತು ಆಡುತ್ತದೆ? ಬರೆಯಿರಿ.
2. ಆ ಮಗು ಆಡಿದ ಮೊದಲ ಮಾತು ಯಾವುದು? ಅದರ ತಾಯಿಯನ್ನು ಕೇಳಿ ಬರೆಯಿರಿ.
3. ನಿಮ್ಮ ಅಂಗನವಾಡಿಗೆ ವೈದ್ಯರ ತಂಡ ಬರುವ ದಿನ ಯಾವುದು? ಕೇಳಿ, ತಾಯಿ ಕಾರ್ಡಿನ ಮೇಲೆ ನೀವೇ ಬರೆದುಕೊಳ್ಳಿ.